ಸತ್ತವರನ್ನಷ್ಟೇ ಅನುವಾದಿಸುವ ಪಂಡಿತರು

ಏಷ್ಯಾದ ಕತೆಗಳನ್ನು ಇಂಗ್ಲಿಷಿಗೆ ಅನುವಾದಿಸಿ ದೊಡ್ಡ ಮನುಷ್ಯರಾದ ಈ ಪಂಡಿತರು ಬದುಕಿರುವ ಲೇಖಕರ ತಂಟೆಗೇ ಹೋಗುತ್ತಿರಲಿಲ್ಲ. ಬದುಕಿದ್ದವರು ‘ಇದನ್ನು ನಾನೆಲ್ಲಿ ಬರೆದೆ?’ ಎಂದು ಕೇಳಿಯಾರು. ಸತ್ತವರು, ಪಾಪ, ತುಟಿ ಪಿಟಕ್ಕೆನ್ನುವುದಿಲ್ಲ. ಅವರ ಕತೆಗಳಿಗೆ ಪಂಡಿತರು ಧಾರಾಳವಾಗಿ ಬೆಳದಿಂಗಳು ಸುರಿದು, ಕೊನೆಗೊಂದು ಸಾವು ಅಂಟಿಸಿ, ಅದನ್ನು ‘ಸುಧಾರಣೆ’ ಎನ್ನುತ್ತಿದ್ದರು. ಥೂ, ಎಂಥ ಸುಧಾರಣೆ!

ಒಳಗುಟ್ಟು ಬಲ್ಲವಳು ಹೆಂಡತಿಯೊಬ್ಬಳೇ. ಮದುವೆಯ ಹೊಸದರಲ್ಲಿ ಅವರು ಬರೆದ ಸ್ವಂತ ಕಾದಂಬರಿಯನ್ನು ಯಾರೂ ಅಚ್ಚು ಹಾಕಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಓದುಗರೇ ದಡ್ಡರು ಎಂದರು. ಆಮೇಲೆ ಆ ಕಾದಂಬರಿಯೇ ತುಂಡುತುಂಡಾಗಿ ಸತ್ತವರ ಪುಸ್ತಕಗಳೊಳಗೆ ನುಸುಳತೊಡಗಿತು. ಬೆರಳಚ್ಚು ಮಾಡಿಕೊಡುತ್ತಿದ್ದ ಹೆಂಡತಿಗೆ ಸಾಲುಸಾಲೂ ಗುರುತು ಸಿಗುತ್ತಿತ್ತು. ಅಸಹ್ಯವಾದರೂ ಹೊಟ್ಟೆಗೆ ಹಾಕಿಕೊಂಡು ಮುಂದಿನ ಹಾಳೆ ಏರಿಸುತ್ತಿದ್ದಳು.

ಹೊಸ ಪುಸ್ತಕ ಒಬ್ಬ ಲೇಖಕಿಯದು. ಆಕೆ ಬರೆಯುವುದು ಬಿಟ್ಟು ಬಹಳ ಕಾಲವಾಗಿತ್ತು.

“ಇದ್ದಾರೋ ಇಲ್ವೋ, ಒಂದ್ಮಾತು ವಿಚಾರಿಸ್ಬಾರ್ದೇನ್ರೀ?” ಎಂದಳು ಹೆಂಡತಿ.

“ಬರೆಯೋದು ನಿಲ್ಸಿದ್ಮೇಲೆ ಸತ್ತ ಹಾಗೇ ಕಣೇ.”

ಮುನ್ನುಡಿಯಲ್ಲಿ ಆಕೆಯ ಕೊನೆಯುಸಿರನ್ನೂ ಕಣ್ಣಾರೆ ಕಂಡವರಂತೆ ವರ್ಣಿಸಿದರು. ಈ ಪುಸ್ತಕಕ್ಕೆ ದೊಡ್ಡ ಪ್ರಶಸ್ತಿ ಬಂದೇ ಬರುತ್ತದೆಂದು ಪ್ರಕಾಶಕರು ಹೇಳಿದ್ದರಿಂದ ಪಂಡಿತರ ಕಾಲು ನೆಲದ ಮೇಲಿರಲಿಲ್ಲ.

ಬಿಡುಗಡೆಯ ದಿನ ಸಭಾಂಗಣದ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೋಲೂರಿಕೊಂಡು ಎದ್ದಳು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳಂತೆ.

“ನಾನೇ ಕಣಪ್ಪಾ, ನೀನು ಸಾಯ್ಸಿದೋಳು. ಹೋದ ವಾರವೇ ಅಂಗಡೀಲಿ ಸಿಕ್ತು, ಪುಸ್ತಕ ಪೂರ್ತಿ ಓದ್ದೆ. ನನ್ನ ಕತೇಲಿ ಯಾರೂ ಸಾಯಲ್ಲ, ಬೆಳದಿಂಗಳಂತೂ ಇಲ್ವೇ ಇಲ್ಲ. ನನ್ನ ಹೆಸರು ತೆಗೆದು ನಿನ್ನ ಹೆಸರೇ ಹಾಕ್ಕೋ.”

ಸಭೆ ಗೊಳ್ಳೆಂದಿತು. ಬೇರೆ ಯಾರಾದರೂ ಆಗಿದ್ದರೆ ನೆಲ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಿದ್ದರು. ಈ ಮಹಾನುಭಾವರ ಮುಖ ಮಾತ್ರ ಅರಳಿತು! ಇಷ್ಟು ವರ್ಷ ಕಾದದ್ದು ತಮ್ಮ ಹೆಸರಿನ ಪುಸ್ತಕಕ್ಕೇ ತಾನೇ? ಪ್ರಕಾಶಕರ ಕೈ ಹಿಡಿದುಕೊಂಡು, “ಹಾಗೇ ಮಾಡೋಣ, ನನ್ನ ಹೆಸರಲ್ಲೇ ಬರ್ಲಿ” ಎಂದರು.

“ನಿಮ್ಮ ಹೆಸರಲ್ಲಾ? ಯಾರ್ ಓದ್ತಾರೆ ಸಾರ್?” ಎಂದು ಪ್ರಕಾಶಕರು ಕೈ ಬಿಡಿಸಿಕೊಂಡು, ಪುಸ್ತಕಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಿಸಿದರು.

ಪಂಡಿತರು ಹೆಂಡತಿಯ ಕಡೆ ತಿರುಗಿದರು. “ನೀನಾದ್ರೂ ಹೇಳೇ, ಚೆನ್ನಾಗಿಲ್ವಾ?”

“ಮದುವೆ ಆದಾಗ್ನಿಂದ ಓದ್ತಾನೇ ಇದೀನಿ,” ಎಂದಳು ಆಕೆ. “ಅಚ್ಚಾದ್ಮೇಲೆ ಓದೋವಾಗ ನಿಮ್ಮ ಸಾಲುಗಳು ಬಂದಾಗೆಲ್ಲ ಪುಟ ಹಾರ್ಸ್ತಿದ್ದೆ ಕಣ್ರೀ.”