ನಲವತ್ತೊಂದನೆಯ ಕಂಬದ ಚಾಣ

“ಅದು ಬೇರೆ ಹಕ್ಕಿ ಅಂತ ನಿಂಗೆ ಹೇಗೆ ಗೊತ್ತು, ಪಂಡಿತ?”

ಇದು ಸೋದರಮಾವನವರು ಪ್ರತಿ ಸಲವೂ ಕೇಳುತ್ತಿದ್ದ ಪ್ರಶ್ನೆ. ಪ್ರತಿ ಚಳಿಗಾಲವೂ ನಲವತ್ತೊಂದನೆಯ ವಿದ್ಯುತ್ ಕಂಬಕ್ಕೆ ಬರುವ ಚಾಣ ಒಂದೇ ಎಂದು ಅವರು ನಂಬಿದ್ದರು. ಕಾಲಿಗೆ ಗುರುತಿನ ಉಂಗುರವಿಲ್ಲದ ಬೇಟೆಹಕ್ಕಿಯ ವಿಷಯದಲ್ಲಿ ಹಾಗೆ ಹೇಳಲಾಗದೆಂದು ನಾನು ವಾದಿಸುತ್ತಿದ್ದೆ. ಆ ಮಾತು ಎರಡೂ ಕಡೆಗೆ ಸಲ್ಲುತ್ತದೆಂಬುದನ್ನು, ಏಳನೆಯ ತರಗತಿಯ ಆಚೆಗೆ ಓದದ, ಲೈನ್‌ಮನ್ ಆಗಿದ್ದ ಮಾವ ಆ ಪ್ರಶ್ನೆಯಿಂದಲೇ ನನಗೆ ತೋರಿಸಿಕೊಟ್ಟಿದ್ದರು.

ವರ್ಷಕ್ಕೊಮ್ಮೆ ರಜೆ ಹಾಕಿ, ಅವರ ಮೊಪೆಡ್ಡಿನ ಹಿಂದೆ ಕೂತು ಹೊಲದ ದಾರಿಗಳಲ್ಲಿ ಅಲೆಯುತ್ತಿದ್ದೆ. ಅವರಿಗೆ ತಂತಿ ನೋಡುವ ಕೆಲಸ, ನನಗೆ ತಂತಿಯ ಮೇಲೆ ಕೂತದ್ದನ್ನು ನೋಡುವ ಹುಚ್ಚು. ಮಂಜಿನಲ್ಲಿ ಕಂಬಗಳು ಒಂದೊಂದಾಗಿ ಹುಟ್ಟಿ, ಹತ್ತಿರ ಬಂದು, ಹಿಂದೆ ಕರಗುತ್ತಿದ್ದವು. ನಾವು ನಿಂತಿದ್ದೇವೆ, ದಾರಿಯೇ ಹರಿಯುತ್ತಿದೆ ಅನ್ನಿಸುತ್ತಿತ್ತು. ನಲವತ್ತೊಂದು ಬಂದಾಗ ಮಾವ ಎಂಜಿನ್ ಆರಿಸುತ್ತಿದ್ದರು. ಮೇಲೆ, ಮಂಜಿಗಿಂತ ತುಸು ಗಾಢವಾಗಿ, ಅದು ಕೂತಿರುತ್ತಿತ್ತು. ಬಿಸಿಲೇರಿದ ಮೇಲೆ ಎದ್ದು, ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಿತ್ತು.

ಹಕ್ಕಿಗಳ ಟಿಪ್ಪಣಿ ಪುಸ್ತಕ ನನ್ನದು. ತಿದ್ದುವ ಹಕ್ಕು ಅವರದು. ಅವರ ಕಚೇರಿಯ ರಿಜಿಸ್ಟರಿನಲ್ಲಿ ತಪ್ಪನ್ನು ಅಳಿಸುವಂತಿಲ್ಲ: ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ನನ್ನ ಐದು ಗಿಡುಗಗಳು ಹಾಗೆಯೇ, ಸಹಿಯ ಸಮೇತ, ನಾಲ್ಕಾಗುತ್ತಿದ್ದವು. “ಬಚ್ಚಲಿನ ಬಲ್ಬು ಹೋಗಿ ಹದಿನೈದು ದಿನ ಆಯ್ತು, ಅದಕ್ಕೂ ಒಂದು ಸಹಿ ಹಾಕಿಬಿಡಿ,” ಎನ್ನುತ್ತಿದ್ದರು ಅತ್ತೆ.

ಮಾವನವರ ಕೊನೆಯ ಚಳಿಗಾಲದಲ್ಲಿ, ತಂತಿಯನ್ನು ದಾರಿಯ ಆಚೆ ಬದಿಗೆ ಸಾಗಿಸಿ ಹಳೆಯ ಕಂಬಗಳನ್ನು ಕೀಳುವ ಆದೇಶ ಬಂತು. ನಲವತ್ತೊಂದನ್ನು ಮಾತ್ರ ಬಿಡಿ ಎಂದು ಮಾವ ಇಂಜಿನಿಯರರನ್ನು ಬೇಡಿಕೊಂಡರು. ಓದಿದವರು ಯಾರಾದರೂ ಕಾರಣ ಬರೆದುಕೊಟ್ಟರೆ ನೋಡೋಣ ಎಂಬ ಉತ್ತರ ಸಿಕ್ಕಿತಂತೆ.

ಹಕ್ಕಿ ಬೇರೆ ಕಂಬದ ಮೇಲೆ ಕೂರುತ್ತದೆ ಎಂದೆ.

“ಕೂರುತ್ತೆ. ಆದ್ರೆ ಅಷ್ಟು ದೂರದಿಂದ ಬಂದು ಮೊದ್ಲು ಇದನ್ನೇ ಹುಡುಕುತ್ತಲ್ಲೋ. ಅದೇ ಹಕ್ಕಿ ವರ್ಷವರ್ಷ ಬರುತ್ತೆ ಅಂತ ಬರೆದುಕೊಡು.”

“‘ಅದೇ’ ಅಂತ ಬರೆಯೋಕಾಗಲ್ಲ, ಮಾವ.”

‘ಪ್ರತಿ ಚಳಿಗಾಲವೂ ಈ ಕಂಬಕ್ಕೆ ಒಂದು ಚಾಣ ಬರುತ್ತದೆ’ ಎಂದಷ್ಟೇ ಬರೆದು ಸಹಿ ಮಾಡಿದೆ. ಅವರು ಎರಡು ಸಲ ಓದಿ, ಮಡಚಿ, ಜೇಬಿಗಿಟ್ಟುಕೊಂಡರು. “ನಿನ್ನ ಕೈಯಿಂದ ಇಷ್ಟು ಉದುರಿದ್ದೇ ಹೆಚ್ಚು,” ಎಂದರು.

ಬೇಸಿಗೆಯಲ್ಲಿ, ಊಟ ಮುಗಿಸಿ ಮಲಗಿದ ಮಾವ ಏಳಲಿಲ್ಲ. ಮುಂದಿನ ಚಳಿಗಾಲ ಒಬ್ಬನೇ ಹೋದೆ. ಆಚೆ ಬದಿಯಲ್ಲಿ ಹೊಸ ಕಂಬಗಳ ಸಾಲು. ಈಚೆಗೆ ತಂತಿಯಿಲ್ಲದ ಒಂದೇ ಕಂಬ. ಅದರ ತುದಿಯಲ್ಲಿ ಮಂಜಿಗಿಂತ ತುಸು ಗಾಢವಾದ ಚುಕ್ಕೆ.

ಅದೇ ವಾರ ಅತ್ತೆಯ ಪಿಂಚಣಿಯ ಕಾಗದಕ್ಕಾಗಿ ಕಚೇರಿಗೆ ಹೋದಾಗ, ಗುಮಾಸ್ತರು ಕಡತದಿಂದ ನನ್ನ ಪತ್ರ ತೆಗೆದು ತೋರಿಸಿದರು. ‘ಒಂದು’ ಎಂಬಲ್ಲಿ ಒಂದೇ ಗೆರೆ ಎಳೆದಿತ್ತು. ಅದರ ಮೇಲೆ ಮಾವನವರ ಕೈಬರಹದಲ್ಲಿ ‘ಅದೇ’. ಪಕ್ಕದಲ್ಲಿ ಚಿಕ್ಕ ಸಹಿ, ತಾರೀಖು.