ನಾನು ಉಜ್ಜಿ ಅಳಿಸಿದ ನಂಬರು

ನ್ಯಾಮತಿಯ ಮೆಕ್ಯಾನಿಕ್ ದುರುಗಣ್ಣನ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ. ಇಪ್ಪತ್ತು ವರ್ಷದಿಂದ ಅವನ ಕೈಯಲ್ಲೇ ಬೈಕು ಬಿಚ್ಚಿಸಿ ಕಟ್ಟಿಸಿಕೊಂಡು ಓಡಾಡಿದವರಿದ್ದಾರೆ, ಅವನ ಪಕ್ಕದಂಗಡಿಯವರಿದ್ದಾರೆ. ಆದರೂ ನಾನೇ ಬರೆಯುತ್ತಿದ್ದೇನೆ. ಯಾಕೆಂದರೆ ಆ ಮನುಷ್ಯನ ಹೆಸರು ಕೆಡಿಸಿದವನು ನಾನು.

ನಾನು ಡ್ರಾಯಿಂಗ್ ಮೇಷ್ಟ್ರು. ಊರು ಸಾಸ್ವೆಹಳ್ಳಿ, ಕೆಲಸ ನ್ಯಾಮತಿಯ ಕಡೆ ಒಂದು ಖಾಸಗಿ ಹೈಸ್ಕೂಲಿನಲ್ಲಿ. ಸಂಬಳ ಬಾಯಿಬಿಟ್ಟು ಹೇಳುವಂಥದ್ದಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ ಇರುತ್ತದೆ, ಜಂಬ ಅದರ ಪಕ್ಕದಲ್ಲೇ. ಹೊನ್ನಾಳಿಯ ಶೋರೂಮಿನಲ್ಲಿ ಹೊಸ ಬೈಕಿನ ಬೆಲೆ ಕೇಳಿ ಮುಖ ಸಣ್ಣದು ಮಾಡಿಕೊಂಡು ಬಂದ ದಿನವೇ, 'ಹೊಸದು ಯಾರಿಗೆ ಬೇಕು, ಎಲ್ಲರ ಹತ್ರನೂ ಅದೇ ಇರುತ್ತೆ' ಎಂದು ಹೆಂಡತಿ ಅನ್ನಪೂರ್ಣಳ ಮುಂದೆ ಭಾಷಣ ಮಾಡಿದ್ದೆ. ಅವಳು ನಕ್ಕು ಒಳಗೆ ಹೋದಳು.

ಕತ್ತಲಗೆರೆಯಲ್ಲಿ ನಮ್ಮ ಸೋದರಮಾವ ಶಿವಮೂರ್ತಪ್ಪನವರ ದನದ ಕೊಟ್ಟಿಗೆಯಲ್ಲಿ ಒಂದು ಹಳೇ ಬೈಕು ಬಿದ್ದಿತ್ತು. ತೊಂಬತ್ತೈದನೇ ಇಸವಿಯದು. ಚನ್ನಗಿರಿ ತಾಲ್ಲೂಕು ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಕಾಲದ್ದು, ನಂಬರ್ ಪ್ಲೇಟಿನ ಮೇಲೂ ಶಿವಮೊಗ್ಗದ್ದೇ ನಂಬರು. ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. "ಒಯ್ಯೋದಾದ್ರೆ ಒಯ್ಯಪ್ಪ, ಕೋಳಿಗೆ ಬೇರೆ ಜಾಗ ಮಾಡ್ತೀನಿ" ಅಂದರು ಮಾವ. ಕಾಗದಪತ್ರ ಟ್ರಂಕಿನಲ್ಲಿ ಜೋಪಾನವಾಗಿತ್ತು. ಲಗೇಜ್ ಆಟೋದಲ್ಲಿ ಹಾಕಿಕೊಂಡು ಬಂದು ದುರುಗಣ್ಣನ ಗ್ಯಾರೇಜಿನ ಮುಂದೆ ಇಳಿಸಿದೆ.

ದುರುಗಣ್ಣ ಜಗಳೂರಿನ ಕಡೆಯವನು. ಐವತ್ತರ ಆಸುಪಾಸು, ಕಡಿಮೆ ಮಾತು. ಬೈಕನ್ನು ಒಂದು ಸುತ್ತು ಹಾಕಿ ನೋಡಿದ. ಆಮೇಲೆ ಮಾಡಿದ ಕೆಲಸ ನೋಡಿ ನನಗೆ ನಗು ಬಂತು. ಹ್ಯಾಂಡಲ್ ಕೆಳಗಿನ ಕುತ್ತಿಗೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಅಲ್ಲಿ ಬೈಕಿನ ಚೌಕಟ್ಟಿಗೇ ಕೊರೆದಿದ್ದ ಚಾಸಿ ನಂಬರಿನ ಮೇಲೆ ಒಂದು ತೆಳು ಕಾಗದ ಇಟ್ಟು ಪೆನ್ಸಿಲ್ಲಿನಿಂದ ಮೆಲ್ಲಗೆ ತಿಕ್ಕಿದ. ನಂಬರು ಕಾಗದದ ಮೇಲೆ ಮೂಡಿತು. ಅದನ್ನು ಒಂದು ಹಳೇ ನೋಟ್‌ಬುಕ್ಕಿಗೆ ಅಂಟಿಸಿ, ತಾರೀಖು ಬರೆದು, "ಇಲ್ಲೊಂದು ಸೈನ್ ಹಾಕ್ರಿ ಮೇಷ್ಟ್ರೇ" ಅಂದ.

"ಡ್ರಾಯಿಂಗ್ ಕ್ಲಾಸು ನನ್ನದಾ ನಿನ್ನದಾ?" ಎಂದು ರೇಗಿಸಿದೆ.

"ಪೂರ್ತಿ ಬಿಚ್ಚೋ ಬೈಕಿಗೆಲ್ಲ ಹಿಂಗೇ ಮಾಡೋದು ಕಣ್ರೀ. ಬಿಚ್ಚಿ ಹಾಕಿದ್ಮೇಲೆ ನಾನ್ಯಾರದು ಅಂತ ಬೈಕು ಬಾಯಿಬಿಟ್ಟು ಹೇಳಾಕಿಲ್ಲ."

ಅದರ ಹಿಂದಿನ ಕಥೆ ಆಮೇಲೆ ಅವನ ಹೆಂಡತಿ ಸಾವಂತ್ರಮ್ಮನಿಂದ ತಿಳಿಯಿತು. ದುರುಗಣ್ಣನ ಅಣ್ಣ ಜಗಳೂರಿನಲ್ಲಿ ಕದ್ದ ಬೈಕುಗಳನ್ನು ಬಿಚ್ಚಿ ಮಾರಿ ಸಿಕ್ಕಿಬಿದ್ದಿದ್ದ. ತಮ್ಮನದು ಏನೂ ತಪ್ಪಿರಲಿಲ್ಲ. ಆದರೆ ಅಣ್ಣನ ಅಂಗಡಿಯಲ್ಲೇ ಕೆಲಸ ಕಲಿತವನನ್ನು ಆ ಊರಲ್ಲಿ ಯಾರೂ ನಂಬಲಿಲ್ಲ. ಹೆಂಡತಿಯನ್ನೂ ಒಂದು ಪೆಟ್ಟಿಗೆ ಸ್ಪ್ಯಾನರನ್ನೂ ಕಟ್ಟಿಕೊಂಡು ಗುರುತಿಲ್ಲದ ನ್ಯಾಮತಿಗೆ ಬಂದ. ಇಲ್ಲಿ ಇಪ್ಪತ್ತು ವರ್ಷ ಆ ನೋಟ್‌ಬುಕ್ಕು ಇಟ್ಟುಕೊಂಡೇ ಹೆಸರು ಮಾಡಿದ. 'ದುರುಗಣ್ಣನ ಹತ್ರ ಬಿಟ್ರೆ ಒಂದು ನಟ್ಟೂ ಆಚೆ ಈಚೆ ಆಗಲ್ಲ' ಅನ್ನುವ ಮಾತು ಬಸವಾಪಟ್ಟಣದವರೆಗೂ ಹೋಗಿತ್ತು. ಅವನ ಆಸ್ತಿ ಅಂತ ಇದ್ದದ್ದು ಅದೊಂದೇ.

ನಾಲ್ಕು ತಿಂಗಳು ಪ್ರತಿ ಭಾನುವಾರ ನಾನು ಅವನ ಗ್ಯಾರೇಜಿನಲ್ಲಿದ್ದೆ. ನಿಜ ಹೇಳುತ್ತೇನೆ, ಅಷ್ಟು ಸಂತೋಷದ ಭಾನುವಾರಗಳು ನನಗೆ ಬೇರೆ ಸಿಕ್ಕಿಲ್ಲ. ದುಡ್ಡಿಲ್ಲದವನ ಬೈಕು ಹೆಂಗೆ ಕಟ್ಟಬೇಕು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಂಜಿನ್ನಿನ ಜೋಡಣೆಗೆ ಬೇಕಾದ ಪ್ಯಾಕಿಂಗನ್ನು ದಪ್ಪನೆಯ ಲಗ್ನಪತ್ರಿಕೆಯಿಂದಲೇ ಕತ್ತರಿಸುತ್ತಿದ್ದ. ಕಾಗದವನ್ನು ಅಂಚಿನ ಮೇಲೆ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಬೇಕಾದ ಆಕಾರ ತಾನೇ ಕತ್ತರಿಸಿ ಬರುತ್ತಿತ್ತು. ಆಮೇಲೆ ಆಯಿಲ್ಲಿನಲ್ಲಿ ಅದ್ದಿ ಕೂರಿಸುತ್ತಿದ್ದ. "ಯಾರ ಮದುವೆನೋ ಏನೋ, ನಿಮ್ಮ ಇಂಜಿನ್ನಾಗೆ ಕೂತೈತೆ" ಎಂದು ಅಪರೂಪಕ್ಕೆ ನಗುತ್ತಿದ್ದ. ಚನ್ನಗಿರಿಯ ಗುಜರಿಯಲ್ಲಿ ದುಂಡನೆಯ ಹೆಡ್‌ಲೈಟು ಹುಡುಕಿ ತಂದೆವು. ಹೊನ್ನಾಳಿಯಲ್ಲಿ ಸೋಫಾಕ್ಕೆ ಕುಶನ್ ಹಾಕುವವನ ಹತ್ತಿರ ಉಳಿದ ರೆಕ್ಸಿನ್ನಿನಿಂದ ಒಬ್ಬರೇ ಕೂರುವ ಸೀಟು ಹೊಲಿಸಿದೆವು. ಹಿಂದಿನ ಮಡ್‌ಗಾರ್ಡು ಅರ್ಧ ಕತ್ತರಿಸಿದೆವು. "ಅಮ್ಮಾರು ಎಲ್ಲಿ ಕೂರ್ತಾರ್ರೀ?" ಅಂತ ಅವನು ಕೇಳಿದ. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಉಳಿದದ್ದು ಬಣ್ಣ. ಪೇಂಟರ್ ಕೇಳಿದ ಮೊತ್ತ ಕೇಳಿ ನನ್ನ ಜಂಬ ಎದ್ದು ನಿಂತಿತು. ಇಪ್ಪತ್ತೆರಡು ವರ್ಷ ಬಣ್ಣದಲ್ಲೇ ಬದುಕಿದವನು ನಾನು, ಒಂದು ಬೈಕಿಗೆ ಬಣ್ಣ ಹೊಡೆಯಲಾರೆನಾ? ಚಾಸಿಯನ್ನು ಮನೆಗೆ ಒಯ್ಯುವಾಗ ದುರುಗಣ್ಣ ಕುತ್ತಿಗೆಯ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿದ.

"ತುಕ್ಕು ಎಲ್ಲಿ ಬೇಕಾರೂ ಉಜ್ಜಿ ತೆಗೀರಿ ಮೇಷ್ಟ್ರೇ. ಇಲ್ಲಿ ಮಾತ್ರ ಗ್ರೈಂಡರ್ ಮುಟ್ಟಿಸಬ್ಯಾಡ್ರಿ. ಉಪ್ಪುಕಾಗದಾನೂ ಬ್ಯಾಡ."

"ನನಗೆ ಹೇಳಿಕೊಡ್ತೀಯಾ?" ಅಂದೆ.

ಎರಡು ದಿನ ಅಂಗಳದಲ್ಲಿ ಕೂತು ಉಜ್ಜಿದೆ. ಚಾಸಿ ಬೆಳ್ಳಗೆ ಹೊಳೆಯತೊಡಗಿತು. ಕುತ್ತಿಗೆಯ ಹತ್ತಿರ ಮಾತ್ರ ತುಕ್ಕು ಕಚ್ಚಿಕೊಂಡು ಒರಟಾಗಿ ಉಳಿದಿತ್ತು. ಹೋಗಿ ಬಂದು ನನ್ನ ಕಣ್ಣು ಅಲ್ಲಿಗೇ ಬೀಳುತ್ತಿತ್ತು. ಅಷ್ಟು ನುಣುಪಾದ ಕೆಲಸದ ಮಧ್ಯೆ ಅದೊಂದು ತೇಪೆ. ನಂಬರು ಇದೆ ಅಂತ ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ಮರೆತೆ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ಸುಳ್ಳು. ಇಂಜಿನ್ ಮೇಲೂ ಒಂದು ನಂಬರಿದೆಯಲ್ಲ, ಎರಡೆರಡು ಯಾಕೆ ಅಂದುಕೊಂಡೆ. ಗ್ರೈಂಡರ್ ಇಟ್ಟೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಮೇಲೆ ಪುಟ್ಟಿ ಹಚ್ಚಿ, ಕಡುಹಸಿರು ಬಣ್ಣದ ಮೂರು ಕೋಟು ಕೊಟ್ಟೆ. ಮುಖ ನೋಡಿಕೊಳ್ಳಬಹುದಿತ್ತು ಅದರಲ್ಲಿ.

ಜೋಡಿಸುವಾಗ ದುರುಗಣ್ಣನ ಬೆರಳು ನೇರ ಅಲ್ಲಿಗೇ ಹೋಯಿತು. "ನಂಬರ್ ಎಲ್ರೀ?"

"ಬಣ್ಣದ ಕೆಳಗೆ ಐತೆ. ನಾನು ಮುಟ್ಟಿಲ್ಲ" ಅಂದೆ.

ಮೇಷ್ಟ್ರ ಮಾತು. ಅವನು ನಂಬಿದ.

ಕಾಗದ ನನ್ನ ಹೆಸರಿಗೆ ಮಾಡಿಸಿ, ನೋಂದಣಿ ನವೀಕರಿಸಲು ಬೈಕನ್ನು ದಾವಣಗೆರೆಗೆ ಒಯ್ದೆ. ಸಾರಿಗೆ ಕಚೇರಿಯ ಅಂಗಳದಲ್ಲಿ ನಾಲ್ಕು ಜನ ಸುತ್ತ ನಿಂತು ಬೈಕು ಹೊಗಳುತ್ತಿದ್ದರು, ನಾನು ಉಬ್ಬಿ ಹೋಗಿದ್ದೆ. ಇನ್ಸ್‌ಪೆಕ್ಟರ್ ಬಂದು ಕುತ್ತಿಗೆಯ ಮೇಲೆ ಪೆನ್ಸಿಲ್ ಆಡಿಸಿದರು. ಏನೂ ಮೂಡಲಿಲ್ಲ. ಬಣ್ಣ ಕೆರೆಸಿದರು. ಬರೀ ಕಬ್ಬಿಣ. ಅವರ ಮುಖ ಬದಲಾಯಿತು.

"ಯಾರ್ರೀ ಇದನ್ನ ಅಳಿಸಿದ್ದು? ಕದ್ದ ಗಾಡಿಗೆ ಮಾಡೋ ಕೆಲಸ ಇದು."

ಸುತ್ತ ನಿಂತಿದ್ದವರು ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದರು. ಶಾಲೆಯ ಆಡಳಿತದವರ ಮುಖ ಕಣ್ಣ ಮುಂದೆ ಬಂತು. ಇಂಥದ್ದು ಕಿವಿಗೆ ಬಿದ್ದರೆ ಮರುದಿನವೇ ಮನೆಗೆ ಕಳಿಸುವ ಜನ. ಇದೆಲ್ಲ ಕಾರಣ ಹೌದು, ನೆಪವೂ ಹೌದು. ಬಾಯಿಂದ ಬಂದ ಮಾತು ಇಷ್ಟು:

"ನನಗೇನು ಗೊತ್ತು ಸಾರ್. ಗ್ಯಾರೇಜಿನಲ್ಲಿ ಮಾಡಿದ್ದು. ನ್ಯಾಮತಿ ದುರುಗಣ್ಣ ಅಂತ."

ಬೈಕು ಅಲ್ಲೇ ನಿಂತಿತು. ವಾರದೊಳಗೆ ನನ್ನನ್ನೂ ದುರುಗಣ್ಣನನ್ನೂ ಠಾಣೆಗೆ ಕರೆಸಿದರು. ನನಗೆ ಕುರ್ಚಿ ಕೊಟ್ಟರು. ಅವನು ನಿಂತೇ ಇದ್ದ. ಬಗಲಲ್ಲಿ ಆ ನೋಟ್‌ಬುಕ್ಕು ಇತ್ತು. ಅವನನ್ನು ಕೇಳುವ ಮೊದಲೇ ಸಾಹೇಬರ ಮೇಜಿನ ಮೇಲೆ ತೆರೆದಿಟ್ಟ. ಪೆನ್ಸಿಲ್ಲಿನ ನಂಬರು, ತಾರೀಖು, ಕೆಳಗೆ ನನ್ನ ಚಂದದ ಸಹಿ. ಸಾಹೇಬರು ಅದನ್ನು ಮಾವನ ಹಳೇ ಕಾಗದದ ಪಕ್ಕ ಇಟ್ಟು ಒಂದೊಂದು ಅಂಕಿಯನ್ನೂ ತಾಳೆ ನೋಡಿದರು. ಸರಿಯಾಗಿತ್ತು.

"ಗಾಡಿ ಇವರದೇ, ಅನುಮಾನ ಇಲ್ಲ" ಅಂದರು. ನನ್ನನ್ನು ಉಳಿಸಿದ್ದು ಅವನ ನೋಟ್‌ಬುಕ್ಕು ಎಂಬುದು ಆ ಕ್ಷಣದಲ್ಲಿ ನನಗೆ ತಟ್ಟಲೇ ಇಲ್ಲ, ಬದುಕಿದೆಯಾ ಬಡಜೀವವೇ ಅನ್ನಿಸಿತು, ಅಷ್ಟೇ.

ಸಾಹೇಬರು ದುರುಗಣ್ಣನ ಕಡೆ ತಿರುಗಿದರು. "ಅಲ್ಲಯ್ಯ, ಇಷ್ಟು ನಾಜೂಕಾಗಿ ಬರೆದಿಡೋನು ನಂಬರ್ ಯಾಕೆ ಅಳಿಸಿದೆ? ಜಗಳೂರಿನ ಅವನು ನಿಮ್ಮಣ್ಣ ಅಲ್ವಾ?"

ದುರುಗಣ್ಣ ನನ್ನ ಕಡೆ ನೋಡಿದ. ಸಿಟ್ಟಿನ ನೋಟವಲ್ಲ. ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಜಾಗ ಕೊಡುತ್ತಾರೇನೋ ಅಂತ ನಿಂತವರು ನೋಡುತ್ತಾರಲ್ಲ, ಹಾಗೆ. ಒಂದು ಮಾತು ಸಾಕಿತ್ತು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಆ ತಿಂಗಳ ರಜೆಗಳನ್ನು ಓದುತ್ತಾ ಕೂತೆ.

"ತಪ್ಪಾತು ಸಾ" ಅಂದ ದುರುಗಣ್ಣ. "ಕೆಲಸದ ಭರದಾಗೆ ನಜರು ತಪ್ಪೈತೆ."

ಎಚ್ಚರಿಕೆ ಕೊಟ್ಟು, ಹೇಳಿಕೆ ಬರೆಸಿಕೊಂಡು, ಅವನ ಬೆರಳಚ್ಚನ್ನೂ ತೆಗೆದುಕೊಂಡು ಕಳಿಸಿದರು. ನನಗೆ ಸಾರಿಗೆ ಕಚೇರಿಯ ಅನುಮತಿ ಸಿಕ್ಕಿತು, ಕುತ್ತಿಗೆಯ ಮೇಲೆ ಹೊಸದಾಗಿ ಅದೇ ನಂಬರು ಕೊರೆಸಿದರು. ಬೈಕು ಈಗ ಓಡುತ್ತಿದೆ. ಚೆನ್ನಾಗಿಯೇ ಓಡುತ್ತಿದೆ, ಅವನು ಕಟ್ಟಿದ್ದಲ್ಲವೇ.

ಓಡದೆ ನಿಂತಿದ್ದು ಅವನ ಗ್ಯಾರೇಜು. ಒಂದು ತಿಂಗಳಲ್ಲೇ ಊರಲ್ಲಿ ಅವನಿಗೆ 'ನಂಬರ್ ದುರುಗಣ್ಣ' ಅಂತ ಹೆಸರು ಬಿತ್ತು. ಪೂರ್ತಿ ಬಿಚ್ಚಲು ಯಾರೂ ಬೈಕು ಬಿಡುವುದಿಲ್ಲ. ಪಂಚರು, ಬ್ರೇಕ್ ವೈರು, ಇಷ್ಟೇ. ಅದನ್ನೂ ಪಕ್ಕದಲ್ಲೇ ನಿಂತು ಮಾಡಿಸುತ್ತಾರೆ. ಎಲ್ಲಿ ಬೈಕು ಕಳೆದರೂ ಮೊದಲು ಅವನನ್ನೇ ಕರೆದು ವಿಚಾರಿಸುತ್ತಾರೆ. ಜಗಳೂರಿನಲ್ಲಿ ಅಣ್ಣನಿಂದ ಕಳೆದುಕೊಂಡದ್ದನ್ನು ನ್ಯಾಮತಿಯಲ್ಲಿ ನನ್ನಿಂದ ಕಳೆದುಕೊಂಡ.

ಐದು ತಿಂಗಳು ನಾನು ಬೇರೆ ದಾರಿಯಲ್ಲಿ ಶಾಲೆಗೆ ಹೋದೆ. ಕೊನೆಗೆ ಅನ್ನಪೂರ್ಣ ಒಂದು ಬೆಳಿಗ್ಗೆ, "ನೀವು ಆ ಬೈಕು ಒರೆಸೋದನ್ನ ನೋಡಿದ್ರೆ ನಂಗೇ ನಾಚಿಕೆ ಆಗ್ತದೆ. ಹೋಗಿ ಬನ್ನಿ ಅತ್ಲಾಗೆ" ಅಂದಳು. ಅವಳಿಗೆ ಎಲ್ಲ ಗೊತ್ತಿತ್ತು.

ಹೋದೆ. ಭಾನುವಾರ, ಹತ್ತೂವರೆ ಗಂಟೆ. ಗ್ಯಾರೇಜಿನಲ್ಲಿ ಒಂದು ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ದುರುಗಣ್ಣ ಅದರ ಚಕ್ರ ತಿರುಗಿಸುತ್ತಿದ್ದ. ಸಾವಂತ್ರಮ್ಮ ನನ್ನ ಮುಖ ನೋಡಿ ಒಳಗೆ ಎದ್ದು ಹೋದಳು.

"ಅವತ್ತು ಅಳಿಸಿದ್ದು ನಾನು ದುರುಗಣ್ಣ. ತಪ್ಪು ನಂದು" ಅಂದೆ.

"ಅದು ನಿಮಗೂ ಗೊತ್ತೈತೆ, ನನಗೂ ಗೊತ್ತೈತಲ್ರೀ."

"ಠಾಣೆಯಲ್ಲಿ ನೀನ್ಯಾಕೆ ಹೇಳಲಿಲ್ಲ?"

"ನನ್ನ ಮಾತು ಯಾರು ನಂಬ್ತಾರೆ ಮೇಷ್ಟ್ರೇ? ನೀವು ಕುರ್ಚಿ ಮ್ಯಾಲಿದ್ರಿ. ನೀವೇ ಹೇಳ್ತೀರಿ ಅಂತ ಕಾದೆ." ಚಕ್ರ ನಿಲ್ಲಿಸಿದ. "ನನಗೆ ಹೇಳಿದ್ರೆ ಏನು ಬಂತು ಈಗ? ಎದುರಿಗೆ ಹೋಟ್ಲಾಗೆ ಜನ ಕೂತಾರೆ. ಅವರೇ ನನಗೆ ಹೆಸರಿಟ್ಟೋರು. ಅಲ್ಲಿ ಒಂದು ಮಾತು ಹೇಳ್ರಿ. ನಾನು ಬರಲ್ಲ, ಇಲ್ಲೇ ನಿಂತಿರ್ತೀನಿ."

ಕೇಳಿದ್ದು ನ್ಯಾಯ. ರಸ್ತೆ ದಾಟಿ ಹೋಟೆಲಿನೊಳಗೆ ನಿಂತೆ. ಹತ್ತು ಹನ್ನೆರಡು ಜನ ಇದ್ದರು. ಅಡಿಕೆ ವ್ಯಾಪಾರದ ಚಿಕ್ಕಹನುಮಂತಪ್ಪ, ನಮ್ಮ ಶಾಲೆಯ ಕ್ಲರ್ಕ್ ನಿಂಗರಾಜ್, ನನ್ನ ವಿದ್ಯಾರ್ಥಿಗಳ ಇಬ್ಬರು ಅಪ್ಪಂದಿರು. "ಒಂದು ನಿಮಿಷ ಎಲ್ರೂ ಕೇಳ್ರಿ ಇಲ್ಲಿ" ಎಂದು ತರಗತಿಯ ದನಿಯಲ್ಲೇ ಅಂದುಬಿಟ್ಟೆ. ಮಾತು ನಿಂತಿತು. ಎಲ್ಲರೂ ತಿರುಗಿ ನೋಡಿದರು. ನಿಂಗರಾಜ್ ಲೋಟ ಕೆಳಗಿಟ್ಟು, "ಏನ್ಸಾರ್?" ಅಂದ.

ಬಾಯಿ ತೆರೆದೆ. ಮಾತು ನಾಲಿಗೆಯ ಮೇಲೆ ಇತ್ತು.

"ನಾಡಿದ್ದು ಶಾಲೆಯಲ್ಲಿ ಮಕ್ಕಳ ಚಿತ್ರಪ್ರದರ್ಶನ ಐತೆ. ಎಲ್ರೂ ಬರಬೇಕು" ಅಂದೆ.

"ಬರ್ತೀವಿ ಬಿಡ್ರಿ ಮೇಷ್ಟ್ರೇ" ಅಂದರು ಒಬ್ಬಿಬ್ಬರು. ತಲೆಯಾಡಿಸಿದರು. ನಾನು ಆಚೆ ಬಂದೆ.

ಎದುರಿಗೆ ಗ್ಯಾರೇಜಿನ ಬಾಗಿಲಲ್ಲಿ ದುರುಗಣ್ಣ ನಿಂತಿದ್ದ, ಪಕ್ಕದಲ್ಲಿ ಸಾವಂತ್ರಮ್ಮನೂ ಬಂದು ನಿಂತಿದ್ದಳು. ಅಷ್ಟು ದೂರಕ್ಕೆ ಮಾತು ಕೇಳಿಸುವ ಹಾಗಿರಲಿಲ್ಲ. ನಾನು ಎಲ್ಲರನ್ನೂ ಕರೆದು ಹೇಳಿದ್ದು, ಅವರು ತಲೆಯಾಡಿಸಿದ್ದು ಮಾತ್ರ ಇಬ್ಬರಿಗೂ ಕಂಡಿತ್ತು. ದುರುಗಣ್ಣ ಮಸಿಯ ಕೈಗಳನ್ನು ಅಂಗಿಗೆ ಒರೆಸಿಕೊಂಡು, ರಸ್ತೆಯ ಆ ಕಡೆಯಿಂದ ನನಗೆ ಕೈ ಮುಗಿದ.