ಮೂರನೆಯ ಭಾನುವಾರದ ಆಕ್ಷೇಪಣೆ

"ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದೆಯೇ?" ಹೆಬ್ಬಾಳದ ನಮ್ಮ ಚರ್ಚಿನಲ್ಲಿ ಪಾಸ್ಟರು, ಮದುವೆಗೆ ಮುಂಚೆ ಮೂರು ಭಾನುವಾರ ಓದುವ ಪದ್ಧತಿಯಂತೆ, ಮೂರನೆಯ ಭಾನುವಾರವೂ ಮದುವೆಯ ಪ್ರಕಟಣೆ ಓದಿ ಕೇಳಿದರು. ಮದುಮಗಳೇ ಎದ್ದು ನಿಂತಳು.

"ನಂದೇ ಇದೆ ಪಾಸ್ಟರ್. ಕಾರ್ ಕೊಡಿಸ್ಲೇಬೇಕು ಅಂತ ನಮ್ಮಪ್ಪನ್ನ ಪೀಡಿಸ್ತಿದ್ದಾರೆ."

ಕಾರು ಕೇಳಿದವರು ವರನ ತಂದೆ, ನಮ್ಮ ಸಭೆಯ ಹಿರಿಯರು. ಲೋಕದ ಆಸೆ ಬಿಡಿ ಎಂದು ಪ್ರತಿ ಉಪವಾಸ ಪ್ರಾರ್ಥನೆಯಲ್ಲೂ ನಮಗೆ ಬೋಧಿಸುವವರು! ಪಾಸ್ಟರಾದರೂ ಅವರನ್ನು ಕೇಳಿದರೇ? "ಇದೆಲ್ಲ ಮನೇಲಿ ಮಾತಾಡ್ಕೊಳ್ಳಮ್ಮ" ಎಂದು ಕೀರ್ತನೆ ಶುರು ಮಾಡಿಸಿದರು. ಥೂ, ನಾವೂ ಎದ್ದು ಬಾಯಿ ತುಂಬ ಹಾಡಿದೆವು. ಅವಳೊಬ್ಬಳೇ ಹಾಡಲಿಲ್ಲ.

ಪಾಸ್ಟರನ್ನೂ ಆ ಹಿರಿಯರನ್ನೂ ಮನಸ್ಸಿನಲ್ಲೇ ಬೈಯುತ್ತ ಹೊರಬಂದು ಸ್ಕೂಟರಿನ ಕೀ ತಿರುಗಿಸಲು ಹೋದೆ. ಕೈ ಅಲ್ಲೇ ನಿಂತಿತು. ನನ್ನ ಮದುವೆಯಲ್ಲಿ ಮಾವನಿಂದ ನಾನೇ ಕೇಳಿ ತೆಗೆಸಿಕೊಂಡ ಸ್ಕೂಟರ್ ಅದು.